ಹಿತ್ತಲ ಕನಕಾಂಬರವನ್ನು ಹೊಲಕ್ಕೆ ತರುವ ಮುನ್ನ

ಕನಕಾಂಬರದ ಒಣಗಿದ ತೆನೆಯನ್ನು ಕಿತ್ತು ನೀರಿನ ಬಟ್ಟಲಿಗೆ ಹಾಕಿ, ಕಾಯಿಗಳು ಚಟ್ ಚಟ್ ಎಂದು ಸಿಡಿಯುವುದನ್ನು ಕಾದು ಕುಳಿತ ನೆನಪು ಹಳ್ಳಿಯಲ್ಲಿ ಬೆಳೆದ ಅನೇಕರಿಗೆ ಇದ್ದೇ ಇರುತ್ತದೆ. ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲೋ, ಬಾವಿಕಟ್ಟೆಯ ಮಗ್ಗುಲಲ್ಲೋ, ದಾಸವಾಳದ ನೆರಳಿನಲ್ಲೋ ನಿಂತಿದ್ದ ಆ ಗಿಡಕ್ಕೆ ಯಾರೂ ಗೊಬ್ಬರ ಕೊಟ್ಟವರಲ್ಲ, ಔಷಧಿ ಹೊಡೆದವರಲ್ಲ. ಆದರೂ ವರ್ಷವೆಲ್ಲ ನಾಲ್ಕು ಹೂ ಬಿಡುತ್ತಿತ್ತು. ಅಜ್ಜಿ ಬಾಳೆನಾರಿನಲ್ಲಿ ಮರುಗದ ಎಸಳಿನೊಡನೆ ಅದನ್ನು ಕಟ್ಟಿ ದೇವರಿಗೊಂದು ತುಂಡು, ಮಗಳ ಜಡೆಗೊಂದು ತುಂಡು ಎಂದು ಹಂಚುತ್ತಿದ್ದಳು. ಕರಾವಳಿಯ ಮತ್ತು ಉತ್ತರ ಕನ್ನಡದ ಕಡೆಯವರು ಇದೇ ಹೂವನ್ನು ಅಬ್ಬಲಿಗೆ ಎಂದು ಕರೆದು ಅಷ್ಟೇ ಅಕ್ಕರೆಯಿಂದ ಮುಡಿಯುತ್ತಾರೆ.

ಇಂಥ ಗಿಡವನ್ನು ನಾಲ್ಕು ಗುಂಟೆಯಲ್ಲಿ ಹಾಕಿದರೆ ಮನೆಗೆ ದಿನನಿತ್ಯದ ಕೈಖರ್ಚು ಹುಟ್ಟೀತಲ್ಲವೇ ಎಂದು ನೀವು ಯೋಚಿಸಿದರೆ ಅದು ಒಳ್ಳೆಯ ಯೋಚನೆಯೇ. ಸಣ್ಣ ಹಿಡುವಳಿಗೆ, ಮನೆಮಂದಿಯೇ ದುಡಿಯುವ ಸಂಸಾರಕ್ಕೆ ಹೇಳಿ ಮಾಡಿಸಿದ ಬೆಳೆ ಇದು. ಆದರೆ ಮೊದಲೇ ಒಂದು ಮಾತನ್ನು ತಿಳಿದಿರಬೇಕು. ಹಿತ್ತಲಿನಲ್ಲಿ ಕೇಳದೆಯೇ ಬೆಳೆದ ಗಿಡ ಹೊಲದಲ್ಲಿ ಹಾಗೆ ಬೆಳೆಯುವುದಿಲ್ಲ. ಮೊದಲ ವರ್ಷ ಕಣ್ಣು ತುಂಬುವಂತೆ ಹೂ ಬಿಟ್ಟ ತೋಟ ಎರಡನೆಯ ವರ್ಷ ಅಲ್ಲಲ್ಲಿ ಹಳದಿ ತಿರುಗಿ, ಗುಂಪು ಗುಂಪಾಗಿ ಸೊರಗಿ, ಖರ್ಚು ಕೈಗೆ ಬರುವ ಮೊದಲೇ ಬರಿದಾಗುವುದು ಈ ಬೆಳೆಯಲ್ಲಿ ಅಪರೂಪದ ಸಂಗತಿಯಲ್ಲ. ಕಾರಣ ಹೂವಿನಲ್ಲಿಲ್ಲ, ಎಲೆಯಲ್ಲಿಲ್ಲ, ಬೇರಿನಲ್ಲಿದೆ. ಆದ್ದರಿಂದ ಈ ಲೇಖನದಲ್ಲಿ ಬೇಸಾಯದ ಕ್ರಮದ ಜೊತೆಗೆ ಬೇರನ್ನು ಕಾಯುವ ಕ್ರಮವನ್ನೂ ವಿವರಿಸಲಾಗಿದೆ.

ಹಿತ್ತಲ ಗಿಡದ ಗುಟ್ಟು

ಕನಕಾಂಬರದ ಸಸ್ಯಶಾಸ್ತ್ರೀಯ ಹೆಸರು ಕ್ರಾಸಾಂಡ್ರಾ ಇನ್‌ಫಂಡಿಬ್ಯುಲಿಫಾರ್ಮಿಸ್. ಆಡುಸೋಗೆ, ಗೋರಟೆಗಳು ಸೇರಿರುವ ಅಕ್ಯಾಂಥೇಸಿ ಕುಟುಂಬದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಹಸಿರು ಎಸಳುಗಳು ನಾಲ್ಕು ಸಾಲಾಗಿ ಒತ್ತೊತ್ತಾಗಿ ಜೋಡಿಸಿಕೊಂಡ ಹೂತೆನೆಯಲ್ಲಿ ಹೂಗಳು ತಳದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತವೆ. ಹೂವು ಉದುರಿದ ಮೇಲೆ ಕಾಯಿ ಕಚ್ಚಿ, ಬಲಿತು ಒಣಗುತ್ತದೆ. ಸಾಮಾನ್ಯವಾಗಿ ಒಂದು ಕಾಯಿಯಲ್ಲಿ ನಾಲ್ಕು ಬೀಜಗಳಿರುತ್ತವೆ.

ಒಣಗಿದ ಕಾಯಿಗೆ ನೀರು ತಾಗಿದಾಗ ಅದು ಎರಡು ಹೋಳಾಗಿ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮುತ್ತದೆ. ಮಕ್ಕಳಿಗೆ ಇದು ಪಟಾಕಿ, ಗಿಡಕ್ಕೆ ಇದು ಸಂಸಾರದ ಉಪಾಯ. ಮಳೆ ಬಿದ್ದು ನೆಲ ಹದವಾದ ಹೊತ್ತಿಗೆ ಸರಿಯಾಗಿ ಬೀಜ ಬೀಳುತ್ತದೆ; ತಾಯಿಗಿಡದ ಬುಡದಲ್ಲಿ ಬೀಳದೆ ಸ್ವಲ್ಪ ದೂರದಲ್ಲಿ, ಹೊಸ ಮಣ್ಣಿನಲ್ಲಿ ಬೀಳುತ್ತದೆ. ಹಳೆಯ ಗಿಡ ಮುಪ್ಪಾಗಿ ಸತ್ತಾಗ ಮರಿಗಿಡ ಬೇರೊಂದು ಮೂಲೆಯಲ್ಲಿ ಹೂ ಬಿಡುತ್ತಿರುತ್ತದೆ. ಮನೆಯವರಿಗೆ ಮಾತ್ರ, ಅದೇ ಗಿಡ ಹತ್ತಾರು ವರ್ಷ ಬದುಕಿತೆಂದು ತೋರುತ್ತದೆ.

ಇನ್ನೂ ಎರಡು ಸಂಗತಿ ಗಮನಿಸಿ. ಹಿತ್ತಲಿನಲ್ಲಿ ಕನಕಾಂಬರ ಒಂಟಿಯಾಗಿ, ಬೇರೆ ಬೇರೆ ಜಾತಿಯ ಗಿಡಗಳ ನಡುವೆ ನಿಂತಿತ್ತು. ಅದರ ಬೇರನ್ನು ತಿನ್ನುವ ಹುಳುವಿಗೆ ಪಕ್ಕದಲ್ಲೇ ಅದೇ ಊಟ ಸಿಗುತ್ತಿರಲಿಲ್ಲ. ಮತ್ತೆ, ಒಲೆಯ ಬೂದಿ, ಕಸ, ಸಗಣಿ, ಉದುರಿದ ಎಲೆ ಎಲ್ಲ ಸೇರಿದ ಹಿತ್ತಲ ಮಣ್ಣು ಸಡಿಲವಾಗಿ, ಸಾವಯವ ವಸ್ತುವಿನಿಂದ ತುಂಬಿತ್ತು. ಹೊಲದಲ್ಲಿ ನಾವು ಮಾಡುವುದು ಇದಕ್ಕೆ ತೀರ ವಿರುದ್ಧ. ಒಂದೇ ಜಾತಿಯ ಸಾವಿರಾರು ಗಿಡಗಳನ್ನು ಅಡಿ ಅಂತರದಲ್ಲಿ ನೆಟ್ಟು, ಮೂರು ವರ್ಷ ಅದೇ ನೆಲದಲ್ಲಿ ಇಟ್ಟು, ಆಮೇಲೂ ಅಲ್ಲೇ ಮತ್ತೆ ನೆಡುತ್ತೇವೆ. ಆದ್ದರಿಂದ ಹಿತ್ತಲಿನಿಂದ ಹೊಲಕ್ಕೆ ತರಬೇಕಾದುದು ಗಿಡವೊಂದನ್ನೇ ಅಲ್ಲ. ಜಾಗ ಬದಲಿಸುವ, ಬೇರೆ ಜಾತಿಯ ಜೊತೆ ಬೆಳೆಯುವ, ಹುಲುಸಾದ ಮಣ್ಣಿನ ಆ ಪದ್ಧತಿಯನ್ನೂ ತರಬೇಕು.

ಭೂಮಿ ಮತ್ತು ಹವಾಗುಣ

ನೀರು ಚೆನ್ನಾಗಿ ಬಸಿಯುವ ಕೆಂಪು ಗೋಡು ಮಣ್ಣು ಉತ್ತಮ. ರಸಸಾರ 6ರಿಂದ 7.5ರವರೆಗೆ ಇದ್ದರೆ ಒಳ್ಳೆಯದು. ಸುಣ್ಣಕಲ್ಲಿನ ಅಂಶ ಹೆಚ್ಚಿರುವ ಭೂಮಿಯಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಬಿಳಿಚಿಕೊಳ್ಳುತ್ತದೆ. ನೀರು ನಿಲ್ಲುವ ತಗ್ಗು ಪ್ರದೇಶವನ್ನು ಆರಿಸಲೇಬೇಡಿ. ಬೆಚ್ಚಗಿನ ಹವೆ ಇದಕ್ಕೆ ಹಿತ. ಇಬ್ಬನಿ ಹೆಪ್ಪುಗಟ್ಟುವಂಥ ಚಳಿಯನ್ನು ತಡೆಯಲಾರದು. ಸ್ವಲ್ಪ ನೆರಳನ್ನು ಸಹಿಸುತ್ತದೆಯಾದ್ದರಿಂದ ಅಂತರವಾಗಿ ನೆಟ್ಟ ಎಳೆಯ ತೆಂಗಿನ ತೋಟದ ನಡುವೆಯೂ ಬೆಳೆಯಬಹುದು.

ಜಾಗ ಆರಿಸುವಾಗ ಹಿಂದಿನ ಬೆಳೆ ಯಾವುದೆಂದು ನೋಡುವುದು ಮಣ್ಣಿನ ಬಣ್ಣ ನೋಡುವುದಕ್ಕಿಂತ ಮುಖ್ಯ. ಟೊಮ್ಯಾಟೊ, ಬದನೆ, ಬೆಂಡೆ ಮುಂತಾದ ತರಕಾರಿಗಳನ್ನು ಸತತವಾಗಿ ಬೆಳೆದ ನೆಲದಲ್ಲಿ ಬೇರುಗಂಟು ಜಂತುಹುಳು ತುಂಬಿರುವ ಸಂಭವ ಹೆಚ್ಚು. ಆ ಬೆಳೆಗಳನ್ನು ಕಿತ್ತಾಗ ಬೇರಿನಲ್ಲಿ ಗಂಟುಗಳು ಕಂಡಿದ್ದರೆ, ಅಲ್ಲಿ ನೇರವಾಗಿ ಕನಕಾಂಬರ ಹಾಕಬೇಡಿ.

ತಳಿಗಳು

ನಮ್ಮ ಹಿತ್ತಲಿನ ಕಿತ್ತಳೆ ಬಣ್ಣದ ನಾಟಿ ತಳಿ ಬೀಜ ಕಟ್ಟುತ್ತದೆ, ಬೀಜದಿಂದಲೇ ಬೆಳೆಸಬಹುದು. ಹಳದಿ ಹೂವಿನ ಲೂಟಿಯಾ, ಕೆಂಪು ಹೂವಿನ ಸೆಬಾಕ್ಯುಲಿಸ್ ರೆಡ್ ಎಂಬ ಬಗೆಗಳೂ ಇವೆ.

ಪೇಟೆಯಲ್ಲಿ ಹೆಚ್ಚು ಹೆಸರು ಮಾಡಿದುದು ದೆಹಲಿ ಕನಕಾಂಬರ. ಹೂವಿನ ಬಣ್ಣ ಆಕರ್ಷಕ, ಎಸಳು ಅಗಲ, ಇಳುವರಿಯೂ ಅಧಿಕ. ಇದು ತ್ರಿಗುಣಿತ ತಳಿ. ಎಂದರೆ ಇದರ ಜೀವಕೋಶಗಳಲ್ಲಿ ವರ್ಣತಂತುಗಳ ಎರಡು ತಂಡಗಳಿರುವ ಬದಲು ಮೂರು ತಂಡಗಳಿವೆ. ಈ ಕಾರಣದಿಂದ ಬೀಜ ಕಟ್ಟುವುದಿಲ್ಲ. ನೀರಿಗೆ ಹಾಕಿದರೆ ಸಿಡಿಯುವ ಕಾಯಿಯೂ ಇದರಲ್ಲಿಲ್ಲ. ಕಡ್ಡಿಯಿಂದಲೇ ಸಸ್ಯಾಭಿವೃದ್ಧಿ ಮಾಡಬೇಕು. ಕಡ್ಡಿಯಿಂದ ಬಂದ ಗಿಡಗಳೆಲ್ಲ ಒಂದೇ ಗುಣದವು. ಹೂ ಒಂದೇ ಸಮನೆ ಬರುವುದು ಇದರ ಲಾಭ. ಆದರೆ ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುವುದು ಇದರ ಅಪಾಯ. ಜಂತುಹುಳು ಮತ್ತು ಸೊರಗು ರೋಗಕ್ಕೆ ಈ ತಳಿ ಬೇಗ ತುತ್ತಾಗುತ್ತದೆ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯ, ಅರ್ಕಾ ಶ್ರಾವ್ಯ, ಅರ್ಕಾ ಚೆನ್ನ ಎಂಬ ತಳಿಗಳನ್ನು ಹೊರತಂದಿದೆ. ಇವುಗಳಲ್ಲಿ ಯಾವುದನ್ನು ಕಡ್ಡಿಯಿಂದ, ಯಾವುದನ್ನು ಬೀಜದಿಂದ ಬೆಳೆಸಬೇಕೆಂಬುದನ್ನು ಸಸಿ ಪಡೆಯುವಾಗಲೇ ಕೇಳಿ ತಿಳಿಯಿರಿ. ನಿಮ್ಮ ಪೇಟೆಯಲ್ಲಿ ಯಾವ ಬಣ್ಣ ಓಡುತ್ತದೆ ಎಂಬುದನ್ನು ಹೂವಿನ ವ್ಯಾಪಾರಿಯನ್ನು ವಿಚಾರಿಸಿ ನಿರ್ಧರಿಸುವುದು ಒಳಿತು.

ಬೀಜ ಸಂಗ್ರಹಣೆ ಮತ್ತು ಸಸಿಮಡಿ

ನಾಟಿ ತಳಿಯ ಬೀಜವನ್ನು ನೀವೇ ಸಂಗ್ರಹಿಸಬಹುದು. ಆರೋಗ್ಯವಾದ, ಹೆಚ್ಚು ಹೂ ಬಿಡುವ ಗಿಡಗಳನ್ನು ಮೊದಲೇ ಗುರುತಿಸಿ, ಅವುಗಳ ಕೆಲವು ತೆನೆಗಳಿಂದ ಹೂ ಕೊಯ್ಯದೆ ಬಿಡಿ. ತೆನೆ ಕಂದು ಬಣ್ಣಕ್ಕೆ ತಿರುಗಿದಾಗ, ಮಳೆ ಬರುವ ಮೊದಲೇ, ಬಿಸಿಲು ಕಾಯ್ದ ದಿನ ಕತ್ತರಿಸಿ ತನ್ನಿ. ಮಳೆಗೆ ಸಿಕ್ಕಿತೆಂದರೆ ಬೀಜವೆಲ್ಲ ಹೊಲದ ಪಾಲಾಗುತ್ತದೆ. ಒಣ ಕಾಯಿಗಳನ್ನು ಕೈಯಿಂದ ಬಿಡಿಸಿ ಬೀಜ ತೆಗೆಯಬಹುದು. ಇಲ್ಲವೇ ಅಗಲ ಬಾಯಿಯ ಪಾತ್ರೆಯಲ್ಲಿ ತೆನೆಗಳನ್ನು ಹಾಕಿ, ನೀರು ಚಿಮುಕಿಸಿ, ತೆಳು ಬಟ್ಟೆ ಮುಚ್ಚಿಟ್ಟರೆ ಕಾಯಿಗಳು ತಾವಾಗಿಯೇ ಸಿಡಿಯುತ್ತವೆ. ಆದರೆ ನೆನೆದ ಬೀಜದ ಮೈ ಅಂಟಾಗುತ್ತದೆ. ಹೀಗೆ ತೆಗೆದ ಬೀಜವನ್ನು ಅಂದೇ ಬಿತ್ತಬೇಕು. ದಾಸ್ತಾನು ಮಾಡುವ ಬೀಜಕ್ಕೆ ನೀರು ಸೋಕಿಸಬೇಡಿ. ಹಳೆಯ ಬೀಜಕ್ಕಿಂತ ಹೊಸ ಬೀಜವೇ ಲೇಸು.

ಹೆಕ್ಟೇರಿಗೆ 5 ಕಿಲೋ, ಎಂದರೆ ಗುಂಟೆಗೆ ಸುಮಾರು 50 ಗ್ರಾಂ ಬೀಜ ಬೇಕಾಗುತ್ತದೆ. ಸಸಿಮಡಿಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ, ಚೆನ್ನಾಗಿ ಕಳಿತ ಗೊಬ್ಬರ ಮತ್ತು ಮರಳು ಬೆರೆಸಿ ತಯಾರಿಸಿ. ಸಾಲಿನಲ್ಲಿ ತೆಳುವಾಗಿ ಬಿತ್ತಿ, ಮರಳು ಮುಚ್ಚಿ, ಹೂಜಿಯಿಂದ ನೀರುಣಿಸಿ. ಮಳೆಗಾಲದ ಆರಂಭದಿಂದ ಅಕ್ಟೋಬರ್‌ವರೆಗೆ ಬಿತ್ತಬಹುದು. ಸುಮಾರು 60 ದಿನಗಳ ಸಸಿ ನಾಟಿಗೆ ತಯಾರು.

ಸಸಿಮಡಿಯ ಮಣ್ಣನ್ನು ಬಿಸಿಲಿನಿಂದಲೇ ಶುದ್ಧಗೊಳಿಸುವ ವಿಧಾನವನ್ನು ತಪ್ಪದೆ ಅನುಸರಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಮಡಿ ಸಿದ್ಧಪಡಿಸಿ, ಚೆನ್ನಾಗಿ ನೀರು ಕೊಟ್ಟು, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ. ಅಂಚುಗಳನ್ನು ಗಾಳಿ ಆಡದಂತೆ ಮಣ್ಣಿನಿಂದ ಮುಚ್ಚಿ. ನಾಲ್ಕರಿಂದ ಆರು ವಾರ ಹಾಗೆಯೇ ಬಿಡಿ. ಒಳಗಿನ ಕಾವಿಗೆ ಮೇಲ್ಮಣ್ಣಿನ ಜಂತುಹುಳುಗಳು, ರೋಗಾಣುಗಳು ಮತ್ತು ಕಳೆಬೀಜಗಳು ಬಹುಮಟ್ಟಿಗೆ ನಾಶವಾಗುತ್ತವೆ. ಕಪ್ಪು ಹಾಳೆ ಇದಕ್ಕೆ ಅಷ್ಟು ಪರಿಣಾಮಕಾರಿಯಲ್ಲ.

ದೆಹಲಿ ಕನಕಾಂಬರವಾದರೆ ಬಲಿತ ಗಿಡದ ತುದಿ ಕಡ್ಡಿಗಳನ್ನು ನಾಲ್ಕೈದು ಅಂಗುಲ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಶುದ್ಧ ಮರಳಿನಲ್ಲಿ ನೆರಳಿನಡಿ ಊರಿ ಬೇರು ಬರಿಸಬೇಕು. ಕೊಂಡು ತರುವವರು ಒಂದು ಮಾತು ನೆನಪಿಡಿ. ಹತ್ತು ಸಸಿಗಳಲ್ಲಿ ಒಂದನ್ನಾದರೂ ಚೀಲ ಬಿಚ್ಚಿ, ಮಣ್ಣು ತೊಳೆದು, ಬೇರು ನೋಡದೆ ಹಣ ಕೊಡಬೇಡಿ. ಆರೋಗ್ಯವಾದ ಬೇರು ಬೆಳ್ಳಗೆ, ಕವಲೊಡೆದು ಇರುತ್ತದೆ. ಗಂಟುಗಳು ಕಂಡರೆ, ಕಂದು-ಕಪ್ಪು ಗಾಯದ ಗೆರೆಗಳು ಕಂಡರೆ, ಆ ಸಸಿಗಳನ್ನು ಉಚಿತವಾಗಿ ಕೊಟ್ಟರೂ ತರಬೇಡಿ. ಸಸಿಯ ಜೊತೆ ಬಂದ ಹಿಡಿ ಮಣ್ಣಿನಲ್ಲಿ ಮುಂದಿನ ಹತ್ತು ವರ್ಷಗಳ ತೊಂದರೆ ನಿಮ್ಮ ಹೊಲಕ್ಕೆ ಬಂದೀತು.

ನಾಟಿ ಮತ್ತು ಗೊಬ್ಬರ

ಭೂಮಿಯನ್ನು ಎರಡು ಮೂರು ಸಲ ಉತ್ತು ಹದ ಮಾಡಿ, ಗುಂಟೆಗೆ 250 ಕಿಲೋದಂತೆ ಕೊಟ್ಟಿಗೆ ಗೊಬ್ಬರ ಸೇರಿಸಿ. ಇದರೊಡನೆ ಗುಂಟೆಗೆ 10 ಕಿಲೋ ಬೇವಿನ ಹಿಂಡಿ ಬೆರೆಸಿದರೆ ಗೊಬ್ಬರವೂ ಆಯಿತು, ಜಂತುಹುಳುವಿಗೆ ಅಡ್ಡಿಯೂ ಆಯಿತು. ಎರಡು ಅಡಿ ಅಂತರದಲ್ಲಿ ಬದು-ಸಾಲು ಮಾಡಿ, ಸಾಲಿನಲ್ಲಿ ಒಂದು ಅಡಿಗೆ ಒಂದರಂತೆ ನಾಟಿ ತಳಿಯ ಸಸಿ ನೆಡಿ. ಗುಂಟೆಗೆ ಸುಮಾರು 550 ಸಸಿ ಹಿಡಿಯುತ್ತದೆ. ದೆಹಲಿ ಕನಕಾಂಬರ ಹರಡಿ ಬೆಳೆಯುವುದರಿಂದ 60 ಸೆಂಟಿಮೀಟರ್ ಸಾಲಿನಲ್ಲಿ 40 ಸೆಂಟಿಮೀಟರಿಗೆ ಒಂದರಂತೆ ನೆಡಬೇಕು. ಗುಂಟೆಗೆ ಸುಮಾರು 420 ಸಸಿ ಸಾಕು.

ಹೆಕ್ಟೇರಿಗೆ ವರ್ಷಕ್ಕೆ 100 ಕಿಲೋ ಸಾರಜನಕ, 60 ಕಿಲೋ ರಂಜಕ, 60 ಕಿಲೋ ಪೊಟ್ಯಾಷ್ ಕೊಡುವುದು ರೂಢಿ. ಒಂದು ಗುಂಟೆಯ ಲೆಕ್ಕದಲ್ಲಿ ಇದು ಸುಮಾರು 2.2 ಕಿಲೋ ಯೂರಿಯಾ, 3.8 ಕಿಲೋ ಸೂಪರ್ ಫಾಸ್ಫೇಟ್ ಮತ್ತು 1 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ರಂಜಕ, ಪೊಟ್ಯಾಷ್ ಪೂರ್ತಿಯಾಗಿ ಮತ್ತು ಯೂರಿಯಾದ ಮೂರನೆಯ ಒಂದು ಭಾಗವನ್ನು ನಾಟಿಯ ಹೊತ್ತಿಗೆ ಕೊಡಿ. ಉಳಿದ ಯೂರಿಯಾವನ್ನು ಮೂರು ಮೂರು ತಿಂಗಳ ಅಂತರದಲ್ಲಿ ಎರಡು ಕಂತಾಗಿ ಹಾಕಿ, ಮಣ್ಣು ಮುಚ್ಚಿ, ನೀರು ಹಾಯಿಸಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ವರದಿಯಂತೆ ಈ ಪ್ರಮಾಣವನ್ನು ಹೊಂದಿಸಿಕೊಳ್ಳಿ.

ನೀರು ವಾರಕ್ಕೊಮ್ಮೆ ಸಾಕು. ಬೇಸಿಗೆಯಲ್ಲಿ ನೆಲದ ಹದ ನೋಡಿ ನಾಲ್ಕೈದು ದಿನಕ್ಕೊಮ್ಮೆ ಕೊಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕಳೆ ಕೀಳುವಾಗ ಕುಡುಗೋಲನ್ನು ಬುಡಕ್ಕೆ ಆಳವಾಗಿ ಹಾಕಬೇಡಿ. ಬೇರಿಗಾದ ಗಾಯವೇ ರೋಗಾಣುವಿಗೆ ಬಾಗಿಲು.

ಬೇರಿನ ಶತ್ರು

ಜಂತುಹುಳುಗಳು ಮಣ್ಣಿನಲ್ಲಿ ವಾಸಿಸುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕನಕಾಂಬರವನ್ನು ಎರಡು ಬಗೆಯವು ಮುಖ್ಯವಾಗಿ ಕಾಡುತ್ತವೆ. ಬೇರುಗಂಟು ಜಂತುಹುಳು ಬೇರಿನೊಳಗೆ ಒಂದೇ ಕಡೆ ನೆಲೆಸಿ ಗಂಟು ಬರಿಸುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಎರಡನೆಯದು ಬೇರುಗಾಯ ಜಂತುಹುಳು. ಇದು ಗಂಟು ಬರಿಸುವುದಿಲ್ಲ. ಬೇರಿನೊಳಗೆ ತಿನ್ನುತ್ತಾ ಸಾಗಿ, ಹೋದ ದಾರಿಯಲ್ಲೆಲ್ಲ ಕಂದು ಗಾಯ ಮಾಡುತ್ತದೆ. ಆ ಗಾಯದ ಮೂಲಕ ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಸೇರಿದಾಗ ಬೇರು ಕಪ್ಪಾಗಿ ಕೊಳೆತು ಗಿಡ ಸೊರಗುತ್ತದೆ. ಹುಳು ಬಾಗಿಲು ತೆರೆಯುತ್ತದೆ, ಶಿಲೀಂಧ್ರ ಮನೆ ಹೊಗುತ್ತದೆ. ಎರಡೂ ಸೇರಿದಾಗ ಆಗುವ ಹಾನಿ ಒಂದೊಂದರಿಂದ ಆಗುವುದಕ್ಕಿಂತ ಬಹಳ ಹೆಚ್ಚು.

ಎಲೆ ಹಳದಿಯಾದ ಕೂಡಲೇ ಯೂರಿಯಾ ಸುರಿಯುವವರೇ ಬಹಳ. ಇದು ಸಲ್ಲದು. ಮೊದಲು ಹೀಗೆ ಪರೀಕ್ಷಿಸಿ:

ತುದಿಯ ಎಳೆಯ ಎಲೆಗಳು ಮಾತ್ರ ಹಳದಿಯಾಗಿ, ನರಗಳು ಹಸಿರಾಗಿಯೇ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಎಂದರೆ ಫೆರಸ್ ಸಲ್ಫೇಟ್, ಕರಗಿಸಿ ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಹೊಲದಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಕೆಲವು ಗಿಡಗಳು ಕುಳ್ಳಾಗಿ, ಎಲೆ ಸಣ್ಣದಾಗಿ, ಹಳದಿ ಅಥವಾ ನಸುಗೆಂಪು ಛಾಯೆಗೆ ತಿರುಗಿ, ತೆನೆ ಗಿಡ್ಡವಾಗಿದ್ದರೆ ಬೇರನ್ನು ಅನುಮಾನಿಸಿ. ಒಂದು ಗಿಡವನ್ನು ಸುತ್ತಲಿನ ಮಣ್ಣಿನೊಡನೆ ಅಗೆದು ತೆಗೆದು, ನೀರಿನಲ್ಲಿ ಅದ್ದಿ ಮೆಲ್ಲಗೆ ತೊಳೆದು ನೋಡಿ. ಗಂಟು ಅಥವಾ ಕಪ್ಪು ಗಾಯ ಕಂಡರೆ ಸಂಶಯವಿಲ್ಲ.

ಖಚಿತಪಡಿಸಿಕೊಳ್ಳಲು ನಾಲ್ಕೈದು ಕಡೆ ಬೇರಿನ ಪಕ್ಕದಿಂದ ಅರ್ಧ ಅಡಿ ಆಳದ ಮಣ್ಣನ್ನು ಸ್ವಲ್ಪ ಬೇರಿನೊಡನೆ ತೆಗೆದು, ಬೆರೆಸಿ, ಕಾಲು ಕಿಲೋದಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಒಣಗಿಸದೆ ಬೇಗನೆ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಒಣಗಿದ ಮಣ್ಣಿನಿಂದ ಸರಿಯಾದ ಉತ್ತರ ಸಿಗುವುದಿಲ್ಲ.

ಹತೋಟಿಯ ಕ್ರಮಗಳು

ಹಳೆಯ ಕೈಪಿಡಿಗಳಲ್ಲಿ ಜಂತುಹುಳುವಿಗೆ ಫೊರೇಟ್ ಹರಳನ್ನು ಬುಡಕ್ಕೆ ಹಾಕಬೇಕೆಂದು ಬರೆದಿರುವುದನ್ನು ನೀವು ಓದಿರಬಹುದು. ಅದನ್ನು ಇಂದು ಅನುಸರಿಸುವಂತಿಲ್ಲ. ಫೊರೇಟ್ ಬಳಕೆ 2020ರ ಡಿಸೆಂಬರ್ ಅಂತ್ಯದಿಂದ ದೇಶದಲ್ಲಿ ನಿಷಿದ್ಧವಾಗಿದೆ. ಹಳೆಯ ದಾಸ್ತಾನು ಮನೆಯಲ್ಲಿದ್ದರೂ ಬಳಸಬೇಡಿ. ಅದು ಅತಿ ಘೋರ ವಿಷ; ಕನಕಾಂಬರವಾದರೋ ದಿನ ಬಿಟ್ಟು ದಿನ ಬರಿಗೈಯಲ್ಲಿ ಕೊಯ್ಯುವ ಹೂ. ಬಹುಪಾಲು ಕೊಯ್ಯುವವರು ಮನೆಯ ಹೆಂಗಸರು. ಕಟ್ಟುವಾಗ ನಾರನ್ನು ಹಲ್ಲಿನಿಂದ ಕಚ್ಚುವವರೂ ಉಂಟು. ಇದನ್ನು ಯೋಚಿಸಿಯೇ ಯಾವ ಔಷಧಿಯನ್ನಾದರೂ ಕೈಗೆತ್ತಿಕೊಳ್ಳಬೇಕು.

ಇಂದು ಮಾಡಬಹುದಾದ ಕ್ರಮಗಳು ಇವು. ಟ್ರೈಕೋಡರ್ಮಾ ಮತ್ತು ಪರ್ಪ್ಯೂರಿಯೋಸಿಲಿಯಂ ಎಂಬ ಉಪಕಾರಿ ಶಿಲೀಂಧ್ರಗಳ ಪುಡಿ ಪೊಟ್ಟಣಗಳಲ್ಲಿ ದೊರೆಯುತ್ತದೆ. ಮೊದಲನೆಯದು ಕೊಳೆ ತರುವ ಶಿಲೀಂಧ್ರವನ್ನು ಅಡಗಿಸುತ್ತದೆ. ಎರಡನೆಯದು ಜಂತುಹುಳುವಿನ ಮೊಟ್ಟೆಗಳನ್ನು ನಾಶ ಮಾಡುತ್ತದೆ. ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯೊಡನೆ ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಡಿ. ಅನಂತರ ಈ ಗೊಬ್ಬರವನ್ನು ನಾಟಿಯ ಗುಣಿಗಳಿಗೆ ಹಾಕಿ. ಸಸಿಯ ಬೇರನ್ನು ಕಾರ್ಬೆಂಡಜಿಂ ದ್ರಾವಣದಲ್ಲಿ ಅದ್ದುವ ರೂಢಿಯೂ ಉಂಟು. ಆದರೆ ಅದು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ಮಾಡಿದರೆ ಹಣ ನೀರಿನಲ್ಲಿ ಹಾಕಿದಂತೆ.

ಸೊರಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಿ. ಕಿತ್ತ ಜಾಗದಲ್ಲಿ ಕೂಡಲೇ ಹೊಸ ಸಸಿ ಇಡಬೇಡಿ. ರೋಗ ಬಂದ ಭಾಗದಲ್ಲಿ ಬಳಸಿದ ಗುದ್ದಲಿ, ಕುಡುಗೋಲುಗಳನ್ನು ತೊಳೆಯದೆ ಒಳ್ಳೆಯ ಭಾಗಕ್ಕೆ ಒಯ್ಯಬೇಡಿ. ನೀರನ್ನೂ ರೋಗದ ಭಾಗದಿಂದ ಒಳ್ಳೆಯ ಭಾಗಕ್ಕೆ ಹರಿಯಬಿಡಬೇಡಿ. ಹೇನು, ಬಿಳಿನೊಣ, ಹಿಟ್ಟು ತಿಗಣೆಗಳಿಗೆ ಬೇವಿನ ಎಣ್ಣೆಯ ಸಿಂಪರಣೆ ಸಾಕಾಗುತ್ತದೆ. ಸಿಂಪರಣೆಯನ್ನು ಯಾವಾಗಲೂ ಹೂ ಕೊಯ್ದ ಮೇಲೆಯೇ ಮಾಡಿ.

ಚೆಂಡು ಹೂವಿನ ಸರದಿ

ಮೇಲೆ ಹೇಳಿದ ಎಲ್ಲ ಕ್ರಮಗಳಿಗಿಂತ ಹೆಚ್ಚು ಬಾಳುವುದು ಬೆಳೆ ಪರಿವರ್ತನೆ. ಚೆಂಡು ಹೂವಿನ ಬೇರಿನಲ್ಲಿ ಜಂತುಹುಳುಗಳಿಗೆ ಮಾರಕವಾದ ವಸ್ತುಗಳಿವೆ. ಅದನ್ನು ಕನಕಾಂಬರದ ಸಾಲುಗಳ ನಡುವೆ ಹಾಕುವುದಕ್ಕಿಂತ, ಇಡೀ ಮಡಿಯಲ್ಲಿ ಮೂರು ನಾಲ್ಕು ತಿಂಗಳು ಒತ್ತಾಗಿ ಬೆಳೆದರೆ ಪ್ರಯೋಜನ ಹೆಚ್ಚು. ಸೆಣಬನ್ನು ಹಸಿರು ಗೊಬ್ಬರವಾಗಿ ಬೆಳೆದು ಮಣ್ಣಿಗೆ ಸೇರಿಸಿದರೆ ಬೇರುಗಂಟು ಜಂತುಹುಳು ತಗ್ಗುತ್ತದೆ, ಮಣ್ಣಿಗೆ ಸಾವಯವ ವಸ್ತುವೂ ಸೇರುತ್ತದೆ.

ಆರು ಗುಂಟೆ ಜಾಗವುಳ್ಳವರಿಗೆ ಒಂದು ಯೋಜನೆಯನ್ನು ಸೂಚಿಸಬಹುದು. ಜಾಗವನ್ನು ಎರಡೆರಡು ಗುಂಟೆಯ ಮೂರು ಭಾಗ ಮಾಡಿ.

ಮೊದಲನೆಯ ವರ್ಷ: ಒಂದನೆಯ ಭಾಗದಲ್ಲಿ ಕನಕಾಂಬರ, ಎರಡನೆಯದರಲ್ಲಿ ಚೆಂಡು ಹೂ, ಅದು ಮುಗಿದ ಮೇಲೆ ಸೆಣಬು, ಮೂರನೆಯದರಲ್ಲಿ ನಿಮ್ಮ ಮಾಮೂಲಿ ಬೆಳೆ.

ಎರಡನೆಯ ವರ್ಷ: ಒಂದನೆಯ ಭಾಗದ ಕನಕಾಂಬರ ಮುಂದುವರಿಯಲಿ, ಎರಡನೆಯದರಲ್ಲಿ ಹೊಸದಾಗಿ ಕನಕಾಂಬರ, ಮೂರನೆಯದರಲ್ಲಿ ಚೆಂಡು ಹೂ, ಸೆಣಬು.

ಮೂರನೆಯ ವರ್ಷ: ಒಂದನೆಯ ಭಾಗದ ಗಿಡ ಕಿತ್ತು ಚೆಂಡು ಹೂ, ಸೆಣಬು, ಎರಡನೆಯದರಲ್ಲಿ ಕನಕಾಂಬರ ಮುಂದುವರಿಕೆ, ಮೂರನೆಯದರಲ್ಲಿ ಹೊಸ ಕನಕಾಂಬರ.

ನಾಲ್ಕನೆಯ ವರ್ಷ ಒಂದನೆಯ ಭಾಗಕ್ಕೆ ಮತ್ತೆ ಕನಕಾಂಬರದ ಸರದಿ. ಹೀಗೆ ಯಾವ ನೆಲದಲ್ಲೂ ಕನಕಾಂಬರ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಎರಡನೆಯ ವರ್ಷದಿಂದ ನಿಮಗೆ ನಾಲ್ಕು ಗುಂಟೆ ಕನಕಾಂಬರವೂ ಎರಡು ಗುಂಟೆ ಚೆಂಡು ಹೂವೂ ಸದಾ ಇರುತ್ತವೆ. ಗಿಡ ಇನ್ನೂ ಹೂ ಬಿಡುತ್ತಿರುವಾಗ ಕೀಳುವುದು ಮನಸ್ಸಿಗೆ ಕಷ್ಟವೆನಿಸಬಹುದು. ಆದರೆ ಮುದಿ ಗಿಡವನ್ನು ಉಳಿಸಿ ನೆಲವನ್ನು ಕಳೆದುಕೊಳ್ಳುವುದಕ್ಕಿಂತ, ಗಿಡವನ್ನು ತೆಗೆದು ನೆಲವನ್ನು ಉಳಿಸಿಕೊಳ್ಳುವುದು ಜಾಣತನ.

ಕೊಯ್ಲು, ಇಳುವರಿ ಮತ್ತು ಲೆಕ್ಕಾಚಾರ

ನಾಟಿ ಮಾಡಿದ ಎರಡು ಮೂರು ತಿಂಗಳಿಗೆ ಹೂ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಹೂ ಹೆಚ್ಚು, ಜೋರು ಮಳೆಯಲ್ಲಿ ಕಡಿಮೆ. ಅರಳಿದ ಹೂ ಗಿಡದಲ್ಲಿ ಬಾಡದೆ ಉಳಿಯುವುದರಿಂದ ದಿನ ಬಿಟ್ಟು ದಿನ ಕೊಯ್ದರೆ ಸಾಕು. ಬೆಳಗಿನ ಜಾವ, ಬಿಸಿಲೇರುವ ಮೊದಲು, ತೆನೆ ಮುರಿಯದಂತೆ ಹೂವನ್ನಷ್ಟೇ ಮೆಲ್ಲಗೆ ಎಳೆದು ಬಿಡಿಸಬೇಕು. ಹೂ ಮುಗಿದ ತೆನೆಗಳನ್ನು, ಬೀಜಕ್ಕೆ ಬೇಡವಾದರೆ, ಕತ್ತರಿಸಿ ಹಾಕಿ. ಹೊಸ ಚಿಗುರಿಗೆ ಎಡೆಯಾಗುತ್ತದೆ. ಕೊಯ್ದ ಹೂವನ್ನು ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ, ಸಡಿಲವಾಗಿ ತುಂಬಿ, ನೆರಳಿನಲ್ಲಿ ಸಾಗಿಸಿ. ತೂಕ ಬರಲೆಂದು ನೀರು ಸುರಿದರೆ ಹೂ ಬೇಗ ಕೊಳೆಯುತ್ತದೆ, ವ್ಯಾಪಾರಿಯ ವಿಶ್ವಾಸವೂ ಹೋಗುತ್ತದೆ.

ಚೆನ್ನಾಗಿ ಬೆಳೆದ ನಾಟಿ ತಳಿಯಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 2000 ಕಿಲೋ, ದೆಹಲಿ ಕನಕಾಂಬರದಿಂದ 2800 ಕಿಲೋದವರೆಗೆ ಹೂ ದೊರೆಯುತ್ತದೆ. ಗುಂಟೆಯ ಲೆಕ್ಕದಲ್ಲಿ ಇದು 20 ಮತ್ತು 28 ಕಿಲೋ. ವರ್ಷಕ್ಕೆ ಸುಮಾರು 180 ಕೊಯ್ಲು ಎಂದಿಟ್ಟುಕೊಂಡರೆ, ನಾಟಿ ತಳಿಯಲ್ಲಿ ಒಂದು ಗುಂಟೆಗೆ ಒಂದು ಕೊಯ್ಲಿಗೆ ಸರಾಸರಿ 110 ಗ್ರಾಂ ಹೂ ಸಿಗುತ್ತದೆ. ನಾಲ್ಕು ಗುಂಟೆಗೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ. ಕೇಳಲು ಇದು ಅತಿ ಸ್ವಲ್ಪವೆನಿಸೀತು. ಆದರೆ ಕನಕಾಂಬರ ಹತ್ತಿಯಂತೆ ಹಗುರವಾದ ಹೂ. ಅರ್ಧ ಕಿಲೋ ಎಂದರೆ ಸಾವಿರಾರು ಹೂಗಳನ್ನು ಒಂದೊಂದಾಗಿ ಬಿಡಿಸಬೇಕು.

ಆದ್ದರಿಂದ ಎಷ್ಟು ಗುಂಟೆ ನೆಡಬೇಕೆಂಬುದನ್ನು ಭೂಮಿಯಿಂದ ಲೆಕ್ಕ ಹಾಕಬೇಡಿ, ಕೊಯ್ಯುವ ಕೈಗಳಿಂದ ಲೆಕ್ಕ ಹಾಕಿ. ಪರಿಚಯದವರ ತೋಟದಲ್ಲಿ ಒಂದು ಬೆಳಿಗ್ಗೆ ನೀವೇ ಒಂದು ಗಂಟೆ ಹೂ ಕೊಯ್ದು ತೂಗಿ ನೋಡಿ. ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಹೊತ್ತು, ವರ್ಷವಿಡೀ ದಿನ ಬಿಟ್ಟು ದಿನ ಈ ಕೆಲಸ ಮಾಡಬಲ್ಲರು? ಮದುವೆ ಮುಂಜಿ, ಕಾಯಿಲೆ ಕಸಾಲೆಗಳಲ್ಲಿ ಯಾರು ಕೊಯ್ಯುತ್ತಾರೆ? ಮಕ್ಕಳು ಶಾಲೆಗೆ ಹೋಗುವ ಹೊತ್ತನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಕೊಯ್ಯದೆ ಬಿಟ್ಟ ಹೂ ಬೆಳೆಯದ ಹೂವಿಗೆ ಸಮ.

ಬೆಲೆ ಹಬ್ಬದಿಂದ ಹಬ್ಬಕ್ಕೆ ಏರಿಳಿಯುತ್ತದೆ. ವರಮಹಾಲಕ್ಷ್ಮಿ ವ್ರತ, ಗೌರಿ-ಗಣೇಶ, ದಸರಾ, ದೀಪಾವಳಿಗಳಲ್ಲಿ ಏರಿ, ಆಷಾಢದಲ್ಲಿ ಇಳಿಯುವುದು ಸಾಮಾನ್ಯ. ಹಬ್ಬದ ದಿನದ ಬೆಲೆಯನ್ನು ಇಡೀ ವರ್ಷಕ್ಕೆ ಗುಣಿಸಿ ಲಾಭ ಎಣಿಸಬೇಡಿ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಾಗಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಾಗಲಿ, ನಿಮ್ಮ ತಾಲ್ಲೂಕಿನ ಸಂತೆಯಾಗಲಿ, ಬೆಳಗಿನ ಮೊದಲ ಬಸ್ಸಿಗೆ ಹೂ ತಲುಪಿಸಬಲ್ಲಿರಾ ಎಂಬುದು ಮುಖ್ಯ. ಈ ಹೂವಿಗೆ ಪರಿಮಳವಿಲ್ಲ. ಆದ್ದರಿಂದಲೇ ಇದನ್ನು ಮಲ್ಲಿಗೆ, ಮರುಗಗಳೊಡನೆ ಸೇರಿಸಿ ಕಟ್ಟುವುದು. ಬದುವಿನ ಮೇಲೆ ಒಂದು ಸಾಲು ಮರುಗ ಬೆಳೆದು, ಮನೆಯಲ್ಲೇ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರಿದರೆ, ಕಟ್ಟುವ ಕೂಲಿಯೂ ಮನೆಯಲ್ಲೇ ಉಳಿಯುತ್ತದೆ.

ಮೊದಲ ವರ್ಷ ಎರಡು ಗುಂಟೆಗಿಂತ ಹೆಚ್ಚು ಹಾಕಬೇಡಿ. ತಿಂಗಳಿಗೊಮ್ಮೆ ಒಂದು ಗಿಡವನ್ನಾದರೂ ಅಗೆದು ಬೇರನ್ನು ತೊಳೆದು ನೋಡಿ. ಒಂದು ಗಿಡ ಹೋಯಿತೆಂದು ಮರುಗಬೇಡಿ. ಉಳಿದ ಸಾವಿರ ಗಿಡಗಳ ಸಮಾಚಾರವನ್ನು ಅದು ಹೇಳುತ್ತದೆ. ಸಂಶಯ ಬಂದ ದಿನವೇ ಬೇರು ಮತ್ತು ಮಣ್ಣಿನೊಡನೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನಾಗಲಿ ಕಾಣಿರಿ. ಬೇರು ಬೆಳ್ಳಗಿದ್ದರೆ ಎರಡನೆಯ ವರ್ಷ ಧೈರ್ಯವಾಗಿ ಇನ್ನೆರಡು ಗುಂಟೆಗೆ ವಿಸ್ತರಿಸಬಹುದು.